‘ಕ್ಲಮ್ಜಿ’ ಮಗು ‘ಬೃಹದಾಕಾರದ’ ಮಗು ಆದದ್ದು ಹೇಗೆ? ಪದದ ಅರ್ಥ, ಹುಟ್ಟು, ಕನ್ನಡದ ಸಾಟಿ

ಕರಡುಕೋಲು:

ಮಕ್ಕಳ ಬೆಳವಣಿಗೆ ಕುರಿತ ಕೈಪಿಡಿಯೊಂದರ ಯಂತ್ರಾನುವಾದ ತಿದ್ದಬೇಕಿದೆ. ಅದರಲ್ಲೊಂದು ಸಾಲು: ‘ನಿಮ್ಮ ಮಗು ಬೃಹದಾಕಾರವಾಗಿದೆಯೇ? ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು ಕಷ್ಟಪಡುತ್ತದೆಯೇ?’ ಮೂಲದಲ್ಲಿರುವ ಇಂಗ್ಲಿಷ್ ಪದ ಕ್ಲಮ್ಜಿ (clumsy), ಅಂದರೆ ಕೈಕಾಲಿನ ಹದ ತಪ್ಪಿದ. ಇದನ್ನು ಓದಿದ ತಾಯಿ ಮೊದಲು ಮಗುವನ್ನು ತಕ್ಕಡಿ ಮೇಲೆ ನಿಲ್ಲಿಸುತ್ತಾಳೆ, ಗುಂಡಿ ಕಡೆ ನೋಡುವುದೇ ಇಲ್ಲ.

ಮೂರು ಪ್ರಶ್ನೆ. ಈ ‘ಬೃಹದಾಕಾರ’ ಎಲ್ಲಿಂದ ಬಂತು? ಪದದ ನಿಜವಾದ ಮೂಲಾರ್ಥ ಏನು? ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇದೆಯೋ, ಸಂದರ್ಭ ನೋಡಿ ಬೇರೆ ಬೇರೆ ಹಾಕಬೇಕೋ?

ಮೂಲಬೇರು:

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಂಗ್ಲಿಷಿನಲ್ಲಿ ಕ್ಲಮ್ಜಿ ಪದ ಮೂರು ಕಡೆ ಓಡಾಡುತ್ತದೆ. ಕೈಕಾಲಿನ ಹದ ತಪ್ಪಿದ ಮನುಷ್ಯನಿಗೆ ಒಂದು. ಹಿಡಿಯಲು, ಎತ್ತಲು, ತಿರುಗಿಸಲು ಸರಿಹೋಗದ ವಸ್ತುವಿಗೆ ಇನ್ನೊಂದು. ನಯವಿಲ್ಲದ ಮಾತಿಗೆ, ಕ್ಷಮೆಯಾಚನೆಗೆ, ವಾಕ್ಯಕ್ಕೆ ಮೂರನೆಯದು. ಎರಡನೆಯ ಅರ್ಥದ ಅಂಚಿನಲ್ಲಿ ‘ಹೊರಲಾರದಷ್ಟು ದೊಡ್ಡದು’ ಎಂಬ ಛಾಯೆ ಇದೆ. ದ್ವಿಭಾಷಾ ನಿಘಂಟು ಸಾಟಿಪದಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸುತ್ತದೆ, ಯಾವುದು ಯಾವ ಅರ್ಥಕ್ಕೆ ಎಂದು ಹೇಳುವುದಿಲ್ಲ. ಯಂತ್ರಕ್ಕೆ ಸಿಕ್ಕಿದ್ದು ಅಲಮಾರಿಗೆ ಹೊಂದುವ ಪದ. ಅದನ್ನು ತಂದು ಮಗುವಿಗೆ ಅಂಟಿಸಿದೆ.

ಮೂಲಾರ್ಥದಲ್ಲಿ ಗಾತ್ರದ ಸುಳಿವೇ ಇಲ್ಲ. ಇರುವುದು ಚಳಿ.

ಇಂಗ್ಲಿಷ್ ಬರಹದಲ್ಲಿ ಕ್ಲಮ್ಜಿ ಎಂಬ ರೂಪ ಕಾಣಿಸಿಕೊಳ್ಳುವುದು 1590ರ ದಶಕದ ಕೊನೆಗೆ. ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ‘ಕ್ಲಮ್ಸನ್’ ಎಂಬ ಕ್ರಿಯಾಪದ ಬಳಕೆಯಲ್ಲಿತ್ತು. ಅರ್ಥ: ಚಳಿಗೆ ಕೈಕಾಲು ಮರಗಟ್ಟು, ಸೆಟೆದುಕೊಳ್ಳು. ಇಂಗ್ಲಿಷ್ ಕವಿ ಲ್ಯಾಂಗ್ಲಂಡ್‌ನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ, 14ನೇ ಶತಮಾನದ ಕೊನೆಯ ಭಾಗದಲ್ಲಿ, ತಾಳ್ಮೆ ಎಂಬ ಪಾತ್ರ ಹಸಿದವನಿಗೆ ಪ್ರಾರ್ಥನೆಯ ತುಣುಕನ್ನೇ ತುತ್ತಾಗಿ ಕೊಡುತ್ತ, ಚಳಿಗೆ ‘ಕ್ಲಮ್ಸ್’ ಆದಾಗಲೂ ಬಾಯಾರಿ ಒಣಗಿದಾಗಲೂ ಇದನ್ನು ತಿನ್ನು ಅನ್ನುತ್ತದೆ. ಅದೇ ಕಾಲದ ಇಂಗ್ಲಿಷ್ ಅನುವಾದವಾದ ವೈಕ್ಲಿಫ್ ಬೈಬಲ್‌ನಲ್ಲಿ ಯೆರೆಮೀಯ 6:24 ತೆಗೆದರೆ, ಶತ್ರು ಬರುವ ಸುದ್ದಿ ಕೇಳಿ ಜನರ ಕೈ ‘ಅಕ್ಲಮ್ಸಿಡ್’ ಆಗುತ್ತದೆ. ಇಲ್ಲಿ ಚಳಿಯಿಲ್ಲ, ಭಯ. ಆದರೆ ಆಗುವುದು ಅದೇ: ಕೈ ಸೋತು ನಿಲ್ಲುತ್ತದೆ.

ಈ ಕ್ರಿಯಾಪದದ ಭೂತಕೃದಂತ ‘ಕ್ಲಮ್ಸ್ಡ್’, ಅಂದರೆ ಮರಗಟ್ಟಿದ. ಅದರ ಬಾಲದ ‘ಡ್’ ಕಳಚಿ, ಗುಣವಾಚಕಗಳಿಗೆ ಹಚ್ಚುವ ‘ಇ’ ಸೇರಿತು. ಮೂಲ ಸ್ಕ್ಯಾಂಡಿನೇವಿಯದ್ದಿರಬೇಕು. ಸ್ವೀಡನ್ನಿನ ಆಡುಮಾತುಗಳಲ್ಲಿ ಇದಕ್ಕೆ ಹೊಂದುವ, ಚಳಿಗೆ ಮರಗಟ್ಟಿದ ಎಂಬರ್ಥದ ರೂಪಗಳಿವೆ. ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಕ್ಲುಮ್ಸಾ’ ಆಗುವುದೆಂದರೆ ಇವತ್ತಿಗೂ ಮಾತು ಹೊರಡದೆ ನಿಲ್ಲುವುದು. ಅಲ್ಲಿ ಮರಗಟ್ಟಿದ್ದು ನಾಲಗೆ, ಇಂಗ್ಲಿಷಿನಲ್ಲಿ ಬೆರಳು.

ಒಪ್ಪದವ:

ಕ್ಲಂಪ್ ಎಂದರೆ ಗಡ್ಡೆ, ಮುದ್ದೆ. ಕ್ಲಾಡ್ ಎಂದರೆ ಹೆಂಟೆ. ಕ್ಲಬ್ ಎಂದರೆ ದೊಣ್ಣೆ. ಎಲ್ಲಾ ‘ಕ್ಲ’ ಇಂದ ಶುರು, ಎಲ್ಲಾ ದಪ್ಪ ಮತ್ತು ಭಾರ. ಕ್ಲಮ್ಜಿ ಕ್ಲಂಪ್‌ನಿಂದಲೇ ಬಂದಿರಬೇಕು ಅನ್ನುವುದು ಸಹಜವಾಗಿಲ್ಲವೇ? ಹಾಗಾದರೆ ‘ಬೃಹದಾಕಾರ’ವೂ ಪೂರ್ತಿ ತಪ್ಪಲ್ಲ.

ಮೂಲಬೇರು:

ಸಹಜವಾಗಿ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ. ಪದದ ಮೂಲ ಹುಡುಕುವಾಗ ಧ್ವನಿ ಹೋಲಿಕೆಯಿಂದ ಶುರುಮಾಡಿದರೆ ಯಾವುದನ್ನು ಬೇಕಾದರೂ ಯಾವುದಕ್ಕಾದರೂ ಕಟ್ಟಬಹುದು. ಹಿಡಿಯಬೇಕಾದ ಕ್ರಮ ಬೇರೆ.

ಮೊದಲು ತಾರೀಕು. ಕ್ಲಂಪ್ ಪದ ಇಂಗ್ಲಿಷ್ ಬರಹದಲ್ಲಿ ಈಗಿನ ಅರ್ಥದಲ್ಲಿ ಕಾಣುವುದು 16ನೇ ಶತಮಾನದ ಕೊನೆಗೆ. ಕ್ಲಮ್ಸ್ಡ್ 14ನೇ ಶತಮಾನದಲ್ಲೇ ಇದೆ. ಮೊಮ್ಮಗ ಅಜ್ಜನನ್ನು ಹೆರಲಾರ.

ಆಮೇಲೆ ಧ್ವನಿ. ಕ್ಲಂಪ್‌ಗೆ ‘ಇ’ ಸೇರಿದರೆ ಆಗುವುದು ಕ್ಲಂಪಿ. ಆ ಪದವೂ ಇಂಗ್ಲಿಷಿನಲ್ಲಿದೆ, ಮುದ್ದೆಮುದ್ದೆಯಾದ ಎಂದು ಅರ್ಥ. ಕ್ಲಮ್ಜಿಯಲ್ಲಿ ‘ಪ’ ಹೋಗಿ ‘ಸ’ ಬಂದದ್ದು ಎಲ್ಲಿಂದ? ಕ್ಲಂಪ್ ಹಿಡಿದವರ ಬಳಿ ಇದಕ್ಕೆ ಉತ್ತರವಿಲ್ಲ. ಕ್ಲಮ್ಸನ್ ಹಿಡಿದರೆ ಪ್ರಶ್ನೆಯೇ ಏಳುವುದಿಲ್ಲ, ‘ಸ’ ಮೊದಲಿಂದಲೂ ಧಾತುವಿನಲ್ಲೇ ಇದೆ.

ಕೊನೆಗೆ ಅರ್ಥದ ದಾರಿ. ಮರಗಟ್ಟಿದ ಕೈ, ಹಾಗಾಗಿ ಕೆಲಸ ಕೆಡಿಸುವ ಕೈ, ಹಾಗಾಗಿ ಕೆಲಸ ಕೆಡಿಸುವ ಮನುಷ್ಯ, ಹಾಗಾಗಿ ಕೆಟ್ಟು ಬಂದ ಕೆಲಸ. ಒಂದೊಂದು ಹೆಜ್ಜೆಯೂ ಚಿಕ್ಕದು.

ನಿಮ್ಮ ಮಾತಿನಲ್ಲೂ ಒಂದು ನಿಜ ಇದೆ. ಪದ ಹುಟ್ಟಿದ ಮೇಲೆ ಕ್ಲಂಪ್, ಕ್ಲಾಡ್‌ಗಳ ಜೊತೆ ಒಡನಾಟ ಬಿದ್ದು ‘ಭಾರ’ದ ಛಾಯೆ ಅಂಟಿರಬಹುದು. ಒಡನಾಟ ಬೇರೆ, ಹೆತ್ತ ಸಂಬಂಧ ಬೇರೆ.

ರಂಗಪರದೆ:

1600ರ ಆಸುಪಾಸಿನಲ್ಲಿ ಈ ಪದಕ್ಕೆ ಲಂಡನ್ನಿನ ರಂಗದ ಮೇಲೆ ಆದ ಮರ್ಯಾದೆ ಕೇಳಿ.

ಜಾನ್ ಮಾರ್ಸ್ಟನ್ ಎಂಬ ನಾಟಕಕಾರನಿಗೆ ಹೊಸ ಪದಗಳ ಹುಚ್ಚು. ‘ಆಂಟೋನಿಯೋಸ್ ರಿವೆಂಜ್’ ನಾಟಕದ ಪ್ರಸ್ತಾವನೆಯಲ್ಲೇ ‘ಕ್ಲಮ್ಜಿ ಚಳಿಗಾಲ’ ಎಂದು ಬರೆದ. ಇಂದಿನ ಅರ್ಥ ಇಟ್ಟು ಓದಿದರೆ ತಲೆಬುಡ ಇಲ್ಲ, ಚಳಿಗಾಲ ಪಾತ್ರೆ ಬೀಳಿಸುತ್ತದೆಯೇ? ಹಳೆಯ ಅರ್ಥ ಇಟ್ಟು ಓದಿ: ಮೈ ಮರಗಟ್ಟಿಸುವ ಚಳಿಗಾಲ. ಸಾಲು ಥಟ್ಟನೆ ತೆರೆದುಕೊಳ್ಳುತ್ತದೆ. ಪದ ಇನ್ನೂ ಚಳಿಯಲ್ಲೇ ಒಂದು ಕಾಲಿಟ್ಟುಕೊಂಡಿತ್ತು ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನೊಬ್ಬ ನಾಟಕಕಾರ ಬೆನ್ ಜಾನ್ಸನ್‌ಗೆ ಇವನನ್ನು ಕಂಡರೆ ಆಗದು. 1601ರಲ್ಲಿ ‘ಪೊಯೆಟಾಸ್ಟರ್’ ನಾಟಕ ಆಡಿಸಿದ. ಅದರಲ್ಲಿ ಮಾರ್ಸ್ಟನ್‌ನ ಅಣಕವಾಗಿ ಕ್ರಿಸ್ಪಿನಸ್ ಎಂಬ ಕವಿ. ಕೊನೆಯ ಅಂಕದಲ್ಲಿ ಅವನಿಗೆ ಗುಳಿಗೆ ನುಂಗಿಸುತ್ತಾರೆ, ಬೋಗುಣಿ ಹಿಡಿಯುತ್ತಾರೆ, ಅವನು ತಾನು ಬಳಸಿದ ವಿಚಿತ್ರ ಪದಗಳನ್ನೆಲ್ಲ ಒಂದೊಂದಾಗಿ ಕಕ್ಕುತ್ತಾನೆ. ಆ ವಾಂತಿಯ ಪಟ್ಟಿಯಲ್ಲಿ ಕ್ಲಮ್ಜಿಯೂ ಇದೆ, ‘ಚಿಲ್‌ಬ್ಲೇನ್ಡ್’ ಕೂಡ ಇದೆ. ಚಿಲ್‌ಬ್ಲೇನ್ ಅಂದರೆ ಚಳಿಗೆ ಬೆರಳು ಕೆಂಪಾಗಿ ಊದಿ ತುರಿಸುವುದು. ಎರಡೂ ಚಳಿಯ ಪದಗಳು.

ತಮಾಷೆ ಏನೆಂದರೆ ಅದೇ ಬೋಗುಣಿಗೆ ಬಿದ್ದ ಕಾನ್ಶಿಯಸ್, ಡ್ಯಾಂಪ್, ಸ್ಟ್ರೆನ್ಯುಯಸ್, ಡಿಫಂಕ್ಟ್, ಸ್ಪ್ಯೂರಿಯಸ್, ರೆಟ್ರೋಗ್ರೇಡ್ ಇವೆಲ್ಲ ಇವತ್ತು ಎದ್ದು ನಿಂತ ಸಭ್ಯ ಪದಗಳು. ಗ್ಲಿಬರಿ, ಲೂಬ್ರಿಕಲ್ ಸತ್ತವು. ಜಾನ್ಸನ್‌ನ ಕಿವಿ ಅರ್ಧ ಮಾತ್ರ ಸರಿ ಇತ್ತು. ಷೇಕ್ಸ್‌ಪಿಯರ್ ಮಾತ್ರ ಕ್ಲಮ್ಜಿಯನ್ನು ಎಲ್ಲೂ ಮುಟ್ಟಿಲ್ಲ.

ನರನಾಡಿ:

ಮರಗಟ್ಟಿದ ಕೈಗೂ ಕೆಲಸ ಕೆಡುವುದಕ್ಕೂ ಇರುವ ನಂಟು ಬರೀ ಉಪಮೆಯಲ್ಲ. ಒಳಗೆ ಆಗುವುದು ಇಷ್ಟು.

ಚಳಿಗೆ ಮೈ ಮೊದಲು ಮಾಡುವ ಕೆಲಸ, ಕೈಯ ಚರ್ಮದ ರಕ್ತನಾಳ ಬಿಗಿಹಿಡಿದು ಒಳಗಿನ ಶಾಖ ಉಳಿಸಿಕೊಳ್ಳುವುದು. ಬೆರಳಿಗೆ ಬಿಸಿ ರಕ್ತ ಕಡಿಮೆಯಾಗಿ ಚರ್ಮ ತಣ್ಣಗಾಗುತ್ತದೆ. ಬೆರಳ ಚರ್ಮ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನಯವಾದ ಕೆಲಸ ಕೆಡಲು ಶುರು: ಗುಂಡಿ, ಗಂಟು, ಸೂಜಿಗೆ ದಾರ. ಸುಮಾರು 8 ಡಿಗ್ರಿಗೆ ಬಂದರೆ ಮುಟ್ಟಿದ್ದೇ ತಿಳಿಯುವುದಿಲ್ಲ. ಆಮೇಲೆ ಕೈಯಲ್ಲಿ ನಾಣ್ಯ ಇದೆಯೋ ಬಿತ್ತೋ ಎಂದು ಕಣ್ಣಿನಿಂದ ನೋಡಿಯೇ ಹೇಳಬೇಕು.

ನರದ ವೇಗವೂ ಇಳಿಯುತ್ತದೆ. ಸರಿಯಾದ ಶಾಖದಲ್ಲಿ ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ 50ರಿಂದ 60 ಮೀಟರ್ ಓಡುತ್ತದೆ. ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು 1.5ರಿಂದ 2 ಮೀಟರ್ ಕಡಿಮೆ. ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಕೈ ತಣ್ಣಗಿದ್ದರೆ ಮೊದಲು 32 ಡಿಗ್ರಿ ಆಸುಪಾಸಿಗೆ ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕೇ. ಇಲ್ಲವಾದರೆ ಇಲ್ಲದ ರೋಗ ಕಾಗದದ ಮೇಲೆ ಕಾಣುತ್ತದೆ. ಕೀಲುಗಳ ಒಳಗಿನ ದ್ರವವೂ ತಣ್ಣಗಾದರೆ ಮಂದವಾಗುತ್ತದೆ, ಬೆರಳು ಮಡಚಲು ಹೆಚ್ಚು ಬಲ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಬೆರಳನ್ನು ಮಡಚುವ, ಚಾಚುವ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳು ಹಗ್ಗದಂತೆ ಬೆರಳಿಗೆ ಬರುತ್ತವೆ. ನಾಜೂಕಾಗಿ ಹೆಬ್ಬೆರಳು ತಿರುಗಿಸುವ, ಬೆರಳು ಅಗಲಿಸುವ ಚಿಕ್ಕ ಸ್ನಾಯುಗಳು ಮಾತ್ರ ಅಂಗೈಯಲ್ಲಿವೆ. ಹಸ್ತ ತಣ್ಣಗಾದಾಗ ಮೊದಲು ಸೋಲುವುದು ಈ ಚಿಕ್ಕವು, ಜೊತೆಗೆ ಚರ್ಮದ ಸ್ಪರ್ಶ. ಅದಕ್ಕೇ ಕೊಡ ಎತ್ತಬಹುದು, ಗುಂಡಿ ಹಾಕಲಾಗದು. ಮುಂಗೈಯೂ ತಣ್ಣಗಾದರೆ ಮುಷ್ಟಿಯ ಬಲವೂ ಹೋಗುತ್ತದೆ. ಚಳಿ ಜಾಗದಲ್ಲಿ ಕೈಗವಸು ಮಾತ್ರ ಹಾಕಿ ತೋಳು ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.

ಕ್ಲಮ್ಸ್ಡ್ ಎಂದ ಹಳೆಯ ಇಂಗ್ಲಿಷರು ನೋಡಿದ್ದು ಇದನ್ನೇ. ಬುದ್ಧಿ ಸರಿ ಇದೆ, ಕಲಿತ ಕೈಯೂ ಇದೆ, ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ಹಳೆಗಂಟು:

ಮರಗಟ್ಟು ಎಂದು ಎಲ್ಲರೂ ಬರೆಯುತ್ತಿದ್ದೀರಿ, ಆ ಪದವನ್ನೇ ಒಮ್ಮೆ ಬಿಡಿಸಿ ನೋಡಿ. ಮರ ಕಟ್ಟುವುದು. ಕೈ ಮರವಾಗುವುದು. ತಮಿಳಿನಲ್ಲೂ ಕೈಗೆ ಅರಿವಿಲ್ಲದಾದರೆ ‘ಮರತ್ತು ಪೋಚ್ಚು’ ಅನ್ನುತ್ತಾರೆ.

ಈಗ ಕ್ಲಮ್ಜಿಯ ಅಮೆರಿಕನ್ ನೆಂಟನನ್ನು ತನ್ನಿ: ಕ್ಲಟ್ಸ್. ಇದು ಗುಣವಾಚಕ ಅಲ್ಲ, ನಾಮಪದ. ಸದಾ ಏನಾದರೂ ಬೀಳಿಸುವ, ಎಡವುವ ಆಸಾಮಿ. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯ ‘ಕ್ಲೊಟ್ಸ್’ನಿಂದ ಬಂದು 20ನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ಇಂಗ್ಲಿಷಿನಲ್ಲಿ ಬೇರೂರಿತು. ಯಿಡ್ಡಿಷ್‌ನಲ್ಲಿ ಕ್ಲೊಟ್ಸ್ ಅಂದರೆ ತೊಲೆ, ಕೊರಡು. ಜರ್ಮನ್ನಿನ ‘ಕ್ಲೊಟ್ಸ್’ ಕೂಡ ಮರದ ದಿಮ್ಮಿಯೇ. ನಾರ್ವೆಯಲ್ಲಿ ‘ಕ್ಲೊಸ್’ ಅಂದರೆ ಮರದ ತುಂಡು, ‘ಕ್ಲೊಸೆಟೆ’ ಅಂದರೆ ಕೈಕಾಲಿನ ಹದ ಇಲ್ಲದ.

ಅಂದರೆ ಇಂಗ್ಲಿಷಿನ ಒಂದು ಪದ ಚಳಿಯಿಂದ ಬಂತು, ಇನ್ನೊಂದು ಮರದಿಂದ ಬಂತು. ನಮ್ಮ ‘ಮರಗಟ್ಟಿದ ಕೈ’ಯಲ್ಲಿ ಎರಡೂ ಒಟ್ಟಿಗೇ ಕೂತಿವೆ.

ಒಪ್ಪದವ:

ಚೆನ್ನಾಗಿದೆ, ಆದರೆ ಇದನ್ನು ಓದಿ ನಾಳೆ ಯಾರಾದರೂ ‘ಕ್ಲಟ್ಸ್ ಪದದ ಮೂಲ ಕನ್ನಡದ ಕಟ್ಟಿಗೆ’ ಅಂತ ಹಂಚದಿದ್ದರೆ ಸಾಕು. ಕೈ ಮರವಾಗುವ ಅನುಭವ ಎಲ್ಲ ಊರಿನದೂ ಹೌದು, ಹಾಗಾಗಿ ಒಂದೇ ರೂಪಕ ಬೇರೆ ಬೇರೆ ಕಡೆ ತಾನಾಗಿ ಹುಟ್ಟುತ್ತದೆ.

ಮೂಲಬೇರು:

ಸರಿಯಾದ ಎಚ್ಚರಿಕೆ. ಅದಕ್ಕೆ ಒಳ್ಳೆಯ ಉದಾಹರಣೆ ಫ್ರೆಂಚ್. ಅಲ್ಲಿ ಚಳಿಗೆ ಸೆಟೆದ ಬೆರಳನ್ನು ‘ಗೂರ್’ ಅನ್ನುತ್ತಾರೆ. ಅದು ಲ್ಯಾಟಿನ್ನಿನ ‘ಗುರ್ದುಸ್’ನಿಂದ ಬಂದದ್ದು, ಅರ್ಥ ದಡ್ಡ, ಮಂಕ. 1ನೇ ಶತಮಾನದ ರೋಮಿನ ಕ್ವಿಂಟಿಲಿಯನ್ ಎಂಬ ಮೇಷ್ಟ್ರು, ಜನ ದಡ್ಡರನ್ನು ಹೀಗೆ ಕರೆಯುತ್ತಾರೆ, ಈ ಪದ ಹಿಸ್ಪಾನಿಯಾದಿಂದ (ಇಂದಿನ ಸ್ಪೇನ್ ಕಡೆಯಿಂದ) ಬಂದದ್ದಂತೆ ಎಂದು ಬರೆದಿಟ್ಟಿದ್ದಾನೆ. ಸ್ಪ್ಯಾನಿಷ್‌ನಲ್ಲಿ ಅದೇ ಪದ ‘ಗೋರ್ದೊ’ ಆಗಿ ‘ದಪ್ಪ’ ಎಂಬ ಅರ್ಥ ತಾಳಿತು.

ಇಂಗ್ಲಿಷಿನಲ್ಲಿ ಸೆಟೆದ ಬೆರಳಿನಿಂದ ಹೊರಟು ಕೈಲಾಗದ ಮನುಷ್ಯನ ತನಕ ಬಂದರು. ಫ್ರೆಂಚರು ದಡ್ಡ ಮನುಷ್ಯನಿಂದ ಹೊರಟು ಸೆಟೆದ ಬೆರಳಿಗೆ ಬಂದರು. ಒಂದೇ ಸೇತುವೆ, ಎದುರುಬದುರು ಪ್ರಯಾಣ. ಇನ್ನು ದಡ್ಡತನದಿಂದ ದಪ್ಪಕ್ಕೆ ಹೋದ ಸ್ಪ್ಯಾನಿಷ್ ದಾರಿ ನೋಡಿದರೆ ‘ಬೃಹದಾಕಾರ’ದ ಯಂತ್ರಕ್ಕೂ ಒಬ್ಬ ದೂರದ ಚಿಕ್ಕಪ್ಪ ಇದ್ದಾನೆ ಅನ್ನಿ.

ಇದರ ಜೊತೆ ಇನ್ನೊಂದು ಇಂಗ್ಲಿಷ್ ಜೋಡಿ: ನಂಬ್ ಅಂದರೆ ಅರಿವುಗೆಟ್ಟ, ನಿಂಬಲ್ ಅಂದರೆ ಚುರುಕು ಕೈಯ. ಪೂರ್ತಿ ವಿರುದ್ಧಾರ್ಥ, ಆದರೆ ಒಂದೇ ತಾಯಿಯ ಮಕ್ಕಳು. ಹಳೆಯ ಇಂಗ್ಲಿಷಿನ ‘ನಿಮನ್’, ಹಿಡಿ ಅಥವಾ ತೆಗೆದುಕೊ ಎಂಬ ಕ್ರಿಯಾಪದ; ಜರ್ಮನ್ನಿನಲ್ಲಿ ಇಂದಿಗೂ ‘ನೇಮೆನ್’. ಬೇಗ ಹಿಡಿಯಬಲ್ಲವನು ನಿಂಬಲ್. ಚಳಿಯೋ ಆಘಾತವೋ ಹಿಡಿದದ್ದು ನಂಬ್. ನಮ್ಮಲ್ಲೂ ಜೋಮು ‘ಹಿಡಿಯುತ್ತದೆ’ ತಾನೆ? ನಂಬ್ ಬರೆಯುವಾಗ ಕೊನೆಗೆ ಬರುವ, ಉಚ್ಚಾರವಾಗದ ‘ಬ’ ಆಮೇಲೆ ಸೇರಿಕೊಂಡದ್ದು, ಧಾತುವಿನಲ್ಲಿ ಅದು ಇಲ್ಲ.

ಎಡಬಲ:

ಈ ಗುಂಪಿನ ಉಳಿದ ಪದಗಳು ಚಳಿ ಬಿಟ್ಟು ದಿಕ್ಕು ಹಿಡಿದವು. ಆಕ್ವರ್ಡ್ (ಹದ ತಪ್ಪಿದ, ಮುಜುಗರದ) ಪದದ ಮೊದಲರ್ಧ ‘ಆಕ್’, ಸ್ಕ್ಯಾಂಡಿನೇವಿಯದ ಹಳೆಯ ಭಾಷೆ ನಾರ್ಸ್‌ನ ತಿರುಗುಮುರುಗಾದ, ಹಿಂದುಮುಂದಾದ ಎಂಬ ಪದ. ಎರಡನೆಯ ಅರ್ಧ ‘ವರ್ಡ್’, ಕಡೆಗೆ ಎಂಬ ಪ್ರತ್ಯಯ. ಒಟ್ಟಾಗಿ ತಪ್ಪು ದಿಕ್ಕಿಗೆ. ಗೋಶ್ (ನಯವಿಲ್ಲದ) ಫ್ರೆಂಚಿನಲ್ಲಿ ಎಡ ಎಂಬ ಪದ. ಅಡ್ರಾಯ್ಟ್ (ಚುರುಕು ಕೈಯ) ಪದದೊಳಗೆ ಇರುವುದು ಫ್ರೆಂಚಿನ ನೇರ, ಬಲ ಎಂಬ ಪದ. ಅದಕ್ಕೆ ‘ಕೆಟ್ಟ’ ಸೇರಿ ಮ್ಯಾಲಡ್ರಾಯ್ಟ್, ಕೈ ಹದ ಇಲ್ಲದ.

ನಮಗೆ ನಿಜವಾಗಿ ನೆಂಟಸ್ತಿಕೆ ಇರುವುದು ಡೆಕ್ಸ್ಟೆರಿಟಿ (ಕೈಚಳಕ) ಜೊತೆ. ಲ್ಯಾಟಿನ್ನಿನ ‘ಡೆಕ್ಸ್ಟರ್’, ಸಂಸ್ಕೃತದ ‘ದಕ್ಷಿಣ’ ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದವು, ಬಲಗಡೆ ಎಂದು ಅರ್ಥ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗೈ ಇರುವುದು ತೆಂಕಣಕ್ಕೆ, ಹಾಗಾಗಿ ದಿಕ್ಕಿನ ಹೆಸರು ದಕ್ಷಿಣ, ಅದರ ಪ್ರಾಕೃತ ರೂಪದಿಂದ ದಖ್ಖನ್. ನಾವು ದಿನಾ ಬಳಸುವ ದಕ್ಷ, ದಕ್ಷತೆ ಇದರ ಬಳಗವೇ. ಸರ್ಕಾರಿ ಸುತ್ತೋಲೆಯ ‘ದಕ್ಷ ಅಧಿಕಾರಿ’ಯೂ ಇಂಗ್ಲಿಷಿನ ‘ಡೆಕ್ಸ್ಟರಸ್’ ಬೆರಳೂ ಒಂದೇ ಮನೆತನ.

ಕನ್ನಡದ ಸ್ವಂತ ಜೋಡಿ ಎಡ, ಬಲ. ತಮಿಳಿನಲ್ಲಿ ಬಲಗಡೆಗೆ ‘ವಲಂ’, ಗಟ್ಟಿ ಎಂಬುದಕ್ಕೆ ‘ವಲ್’. ಬಲಗೈ ಎಂದರೆ ಗಟ್ಟಿ ಕೈ ಎಂಬ ಎಣಿಕೆ ಇಲ್ಲೂ ಕಾಣುತ್ತದೆ. ಎಡಗೈಯವರಿಗೆ ಯಾವ ಭಾಷೆಯೂ ನ್ಯಾಯ ಮಾಡಿಲ್ಲ.

ಕರಡುಕೋಲು:

ಹಾಗಾದರೆ ‘ಎಡವು’ ಕೂಡ ‘ಎಡ’ದಿಂದಲೇ ಬಂತೇ? ಎಡಗಾಲು ಮುಂದಿಟ್ಟು ಬಿದ್ದವನು ಎಡವಿದ?

ಹಳೆಗಂಟು:

ಬಲೆ ಅಚ್ಚುಕಟ್ಟಾಗಿದೆ, ಬೀಳಬೇಡಿ. ಎಡವು, ಎಡರು (ಅಡ್ಡಿ) ಎರಡೂ ಒಂದು ಗುಂಪು. ತಮಿಳಿನಲ್ಲಿ ಇವಕ್ಕೆ ಎದುರಾಗಿ ‘ಇಡರ್’ (ತೊಂದರೆ), ‘ಇಡಱು’ (ಎಡವು) ಇವೆ. ಎಡಗಡೆಯ ಪದ ಬೇರೆ ಗುಂಪು. ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಎರಡಕ್ಕೂ ಬೇರೆ ಬೇರೆ ನಮೂದು. ಕಾಲಿಗೆ ಅಡ್ಡಿ ತಾಗಿದ್ದು ಎಡವು. ಯಾವ ಕಾಲು ಎಂಬುದು ಲೆಕ್ಕಕ್ಕಿಲ್ಲ.

ಜಾನಪದ ವ್ಯುತ್ಪತ್ತಿ ಬರವಣಿಗೆಯನ್ನೇ ಬದಲಿಸಿಬಿಡುವುದೂ ಉಂಟು. ಜರ್ಮನ್ನಿನಲ್ಲಿ ಕೈಕಾಲಿನ ಹದ ಇಲ್ಲದವನಿಗೆ ‘ಟೊಲ್‌ಪಾಚ್’ ಅನ್ನುತ್ತಾರೆ. ಮೂಲ ಹಂಗೇರಿಯನ್ ಭಾಷೆಯ ‘ತಲ್ಪಶ್’, ಅಗಲ ಪಾದದವನು. ಹಂಗೇರಿಯ ಕಾಲಾಳುಗಳಿಗೆ ಬಿದ್ದಿದ್ದ ಅಡ್ಡಹೆಸರು. ಜನ ಮಾತ್ರ ಅದನ್ನು ಜರ್ಮನ್ನಿನ ‘ಟೊಲ್’ (ಹುಚ್ಚು) ಪದಕ್ಕೆ ಕಟ್ಟಿದರು. 1996ರ ಕಾಗುಣಿತ ಸುಧಾರಣೆಯಲ್ಲಿ ಆ ತಪ್ಪು ತಿಳಿವಳಿಕೆಗೇ ಮಣಿದು ಒಂದಿದ್ದ ‘ಲ’ವನ್ನು ಎರಡು ಮಾಡಿದರು.

ಬೆಣ್ಣೆಬೆರಳು:

ನನ್ನ ಹೆಸರಿನ ಪದವನ್ನೂ ಸೇರಿಸಿ. ಬಟರ್‌ಫಿಂಗರ್ಸ್ ಅಂದರೆ ಹಿಡಿದದ್ದೆಲ್ಲ ಜಾರಿಸುವವನು. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕ್ಯಾಚ್ ಬಿಟ್ಟಾಗ ಕೇಳುತ್ತೇವೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1836ರಲ್ಲಿ ಹುಟ್ಟಿಸಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ತಪ್ಪು. 1615ರಲ್ಲೇ ಜರ್ವೆಸ್ ಮಾರ್ಕಮ್ ಎಂಬಾತ ಗೃಹಿಣಿಯರಿಗೆ ಬರೆದ ಕೈಪಿಡಿಯಲ್ಲಿ, ಅಡುಗೆಯವಳು ಬೆಣ್ಣೆಬೆರಳಿನವಳಾಗಿರಬಾರದು, ಸಿಹಿಚಪಲದವಳಾಗಿರಬಾರದು ಎಂದಿದ್ದಾನೆ. ಅಲ್ಲಿ ಅರ್ಥ ಸ್ಪಷ್ಟ: ಬಿಸಿ ಪಾತ್ರೆ ಜಾರಿಸಬಾರದು. ಕನ್ನಡಕ್ಕೆ ಇದನ್ನು ‘ಬೆಣ್ಣೆ ಕೈ’ ಎಂದು ತಂದರೆ ಕ್ರಿಕೆಟ್ ನೋಡುವವರಿಗೆ ಹೊಳೆಯುತ್ತದೆ, ಉಳಿದವರಿಗೆ ಮೃದುವಾದ ಕೈ ಅನ್ನಿಸುತ್ತದೆ. ‘ಕೈ ಜಾರಿತು’ ಸಾಕು.

ಪದಗಾಣ:

ಈಗ ಅನುವಾದಕ್ಕೆ ಬರೋಣ. ಒಂದೇ ಕನ್ನಡ ಪದ ಹುಡುಕುವುದನ್ನು ಮೊದಲು ಬಿಡಿ. ಹದ ಎಲ್ಲಿ ತಪ್ಪಿದೆ ಎಂದು ಕೇಳಿಕೊಳ್ಳಿ: ಕೈಯಲ್ಲೋ, ಇಡೀ ಮೈಯಲ್ಲೋ, ವಸ್ತುವಿನಲ್ಲೋ, ಮಾತಿನಲ್ಲೋ? ಇನ್ನೊಂದು ವಿಷಯ, ಇಂಗ್ಲಿಷಿನ ಗುಣವಾಚಕಕ್ಕೆ ಕನ್ನಡದಲ್ಲೂ ಗುಣವಾಚಕವೇ ಬೇಕೆಂಬ ಹಠ ಬೇಡ. ಕನ್ನಡ ಇಂಥದ್ದನ್ನೆಲ್ಲ ಕ್ರಿಯಾಪದದಲ್ಲಿ ಹೇಳುತ್ತದೆ.

ಮನುಷ್ಯನ ನಡಿಗೆ, ಓಡಾಟಕ್ಕೆ: ಎಡವುತ್ತಾನೆ, ತಾಗಿಸಿಕೊಳ್ಳುತ್ತಾನೆ, ಮುಗ್ಗರಿಸುತ್ತಾನೆ. ಕೈಗೆ: ಹಿಡಿತ ತಪ್ಪುತ್ತದೆ, ಬೆರಳು ತಡವರಿಸುತ್ತದೆ. ‘ಕೈ ಸ್ವಾಧೀನದಲ್ಲಿಲ್ಲ’ ಅಂದರೆ ಲಕ್ವದ ಮಟ್ಟಕ್ಕೆ ಹೋಗುತ್ತದೆ, ಹುಷಾರು. ‘ಜೋಮು’ ಚುಚ್ಚುವ ಅನುಭವಕ್ಕೆ, ‘ಮರಗಟ್ಟು’ ಅರಿವೇ ಇಲ್ಲದ್ದಕ್ಕೆ, ಎರಡನ್ನೂ ಬೆರೆಸಬಾರದು. ವಸ್ತುವಿಗೆ: ಕೈಗೆ ಒಗ್ಗದ, ಒಡ್ಡೊಡ್ಡಾದ. ವಾಕ್ಯಕ್ಕೆ: ತೊಡಕು ತೊಡಕಾದ. ಕ್ಲಮ್ಜಿ ಕ್ಷಮೆಯಾಚನೆಗೆ ಪದವೇ ಬೇಡ, ‘ಕ್ಷಮೆ ಕೇಳಲು ಹೋಗಿ ಇನ್ನಷ್ಟು ಕೆಡಿಸಿದ’ ಎಂದರೆ ಮುಗಿಯಿತು.

ಬಳಸಬಾರದವು: ಪೆದ್ದ, ಬೆಪ್ಪ. ಇವು ಬುದ್ಧಿಯನ್ನು ದೂರುತ್ತವೆ, ಕ್ಲಮ್ಜಿ ದೂರುವುದು ಕೈಯನ್ನು. ‘ಅಡ್ಡಕಸುಬಿ’ ಹತ್ತಿರ ಬಂದಂತೆ ಕಂಡರೂ ಅದು ಕಸುಬು ಕಲಿಯದವನ ಮೇಲಿನ ದೂರು. ಮೂವತ್ತು ವರ್ಷ ಅನುಭವವಿರುವ ದರ್ಜಿಯೂ ಚಳಿಗೆ ಕ್ಲಮ್ಜಿ ಆಗಬಹುದು, ಅಡ್ಡಕಸುಬಿ ಆಗಲಾರ. ‘ಎಡಬಿಡಂಗಿ’ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎಂಬವನಿಗೆ.

ನರನಾಡಿ:

ವೈದ್ಯಕೀಯ ಬರಹಕ್ಕೆ ಎರಡು ಮಾತು ಸೇರಿಸುತ್ತೇನೆ. 1960ರ, 70ರ ದಶಕಗಳ ಬ್ರಿಟಿಷ್ ವೈದ್ಯ ಸಾಹಿತ್ಯದಲ್ಲಿ ‘ಕ್ಲಮ್ಜಿ ಚೈಲ್ಡ್’ ಎಂಬುದು ರೋಗನಾಮದಂತೆಯೇ ಬಳಕೆಯಲ್ಲಿತ್ತು. ಈಗ ಬಿಟ್ಟಿದ್ದಾರೆ. ಇಂದಿನ ಹೆಸರು ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ (ಬೆಳವಣಿಗೆಯಲ್ಲಿ ಕೈಕಾಲಿನ ಹೊಂದಾಣಿಕೆಯ ತೊಂದರೆ), ಚಿಕ್ಕದಾಗಿ ಡಿಸಿಡಿ. ಕೆಲವೆಡೆ ಡಿಸ್ಪ್ರಾಕ್ಸಿಯಾ ಎಂದೂ ಹೇಳುತ್ತಾರೆ. 5ರಿಂದ 11 ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 5ರಿಂದ 6 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಮಗು ಬೀಳಿಸುತ್ತದೆ ಎಂದ ಮಾತ್ರಕ್ಕೆ ಡಿಸಿಡಿ ಅಲ್ಲ. ವಯಸ್ಸಿಗೆ, ಸಿಕ್ಕ ಅಭ್ಯಾಸಕ್ಕೆ ಹೋಲಿಸಿದರೆ ಕೌಶಲ ತೀರಾ ಹಿಂದಿರಬೇಕು, ಅದರಿಂದ ಊಟ, ಬಟ್ಟೆ, ಬರವಣಿಗೆ, ಆಟಗಳಿಗೆ ಅಡ್ಡಿಯಾಗುತ್ತಿರಬೇಕು, ಚಿಕ್ಕಂದಿನಿಂದಲೇ ಶುರುವಾಗಿರಬೇಕು, ಕಣ್ಣಿನ ದೋಷವೋ ನರರೋಗವೋ ಕಾರಣವಾಗಿರಬಾರದು. ಕೈಪಿಡಿಯ ಪ್ರಶ್ನೆಗಳು ಇದನ್ನೇ ಕೇಳುತ್ತಿವೆ.

ಇನ್ನೊಂದು ‘ಡಿಸಾರ್ಥ್ರಿಯಾ ಕ್ಲಮ್ಜಿ ಹ್ಯಾಂಡ್’. ಮಿಲ್ಲರ್ ಫಿಶರ್ ಎಂಬ ನರವೈದ್ಯರು 1967ರಲ್ಲಿ ವಿವರಿಸಿದ ಒಂದು ಬಗೆಯ ಚಿಕ್ಕ ಪಾರ್ಶ್ವವಾಯು. ಮಾತು ತೊದಲುತ್ತದೆ, ಒಂದು ಕಡೆಯ ಕೈ ಬರೆಯುವಾಗ, ಗುಂಡಿ ಹಾಕುವಾಗ ತಡವರಿಸುತ್ತದೆ, ಪೂರ್ತಿ ಬಿದ್ದುಹೋಗುವುದಿಲ್ಲ. ಇಂಥ ಲಕ್ಷಣ ಇದ್ದಕ್ಕಿದ್ದಂತೆ ಬಂದರೆ ನಿಮಿಷವೂ ಕಾಯದೆ ಆಸ್ಪತ್ರೆಗೆ. ಇಲ್ಲಿ ‘ಒಡ್ಡು ಕೈ’ ಎಂದು ಅನುವಾದಿಸಿದವರು ತುರ್ತನ್ನೇ ಕೊಂದರು. ‘ಕೈ ಇದ್ದಕ್ಕಿದ್ದಂತೆ ಹೇಳಿದ ಮಾತು ಕೇಳದಾಗುವುದು’ ಉದ್ದವಾದರೂ ಸರಿ.

ರಂಗಪರದೆ:

ಕನ್ನಡದಲ್ಲಿ ಹೇಗೆ ಬರೆಯಬೇಕು? ಕ್ಲಮ್ಸಿ ಎಂದೇ ಹೆಚ್ಚು ಕಾಣುವುದು.

ಮೂಲಬೇರು:

ಬರೆಯುವಾಗ ‘ಸ’, ನುಡಿಯುವಾಗ ‘ಜ಼’. ಅನುನಾಸಿಕದ ಪಕ್ಕ ಬಂದ ‘ಸ’ ಘೋಷವಾಗಿದೆ, ಫ್ಲಿಮ್ಜಿ, ವಿಮ್ಜಿ ಇದ್ದಂತೆ. ಚುಕ್ಕಿ ಹಾಕಿ ಕ್ಲಮ್ಜ಼ಿ ಅಂದರೆ ಪೂರ್ತಿ ಸರಿ. ಕೀಲಿಮಣೆಯಲ್ಲಿ ಆ ಚುಕ್ಕಿ ಸಿಗದಿದ್ದರೆ ಕ್ಲಮ್ಜಿ. ಕ್ಲಟ್ಸ್‌ನಲ್ಲಿ ಮಾತ್ರ ‘ಟ’ದ ಪಕ್ಕ ಇರುವುದರಿಂದ ‘ಸ’ವೇ.

ಕರಡುಕೋಲು:

ಹೀಗೆ ತಿದ್ದಿದ್ದೇನೆ: ‘ನಿಮ್ಮ ಮಗು ಆಗಾಗ ಎಡವುತ್ತದೆಯೇ, ಕೈಯಲ್ಲಿದ್ದದ್ದನ್ನು ಬೀಳಿಸುತ್ತದೆಯೇ? ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು ಕಷ್ಟಪಡುತ್ತದೆಯೇ?’

ಒಪ್ಪದವ:

‘ಆಗಾಗ’ ಸಾಲದು. ಮೂರು ವರ್ಷದ ಯಾವ ಮಗು ಆಗಾಗ ಬೀಳಿಸುವುದಿಲ್ಲ? ಮೇಲೆ ನರನಾಡಿ ಹೇಳಿದ ವಯಸ್ಸಿನ ಹೋಲಿಕೆ ಬರಬೇಕು.

ಕರಡುಕೋಲು:

ಸರಿ. ‘ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ನಿಮ್ಮ ಮಗು ಹೆಚ್ಚು ಎಡವುತ್ತದೆಯೇ, ಕೈಯಲ್ಲಿದ್ದದ್ದನ್ನು ಹೆಚ್ಚು ಬೀಳಿಸುತ್ತದೆಯೇ? ಕಲಿಸಿದ ಮೇಲೂ ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು ಬಹಳ ಕಷ್ಟಪಡುತ್ತದೆಯೇ?’

ನರನಾಡಿ:

‘ಕಲಿಸಿದ ಮೇಲೂ’ ಹಾಕಿದ್ದು ಒಳ್ಳೆಯದಾಯಿತು, ಎಷ್ಟೋ ಮನೆಯಲ್ಲಿ ಗುಂಡಿ ಹಾಕುವವಳು ಅಜ್ಜಿಯೇ. ಹಾಗೇ ಇರಲಿ.